ಮಿಷಿನ್ ಮನೆಯಾಕೆ ಬಿಟ್ಟ ಉಪ್ಪು

ಹೋದ ವಾರ ಹಿಂದಿನ ಬಾಗಿಲು ಕಿರುಗುಟ್ಟುತ್ತದೆ ಎಂದು ಸೊಸೆ ಹೊಲಿಗೆ ಮಿಷಿನ್ನಿಗೆ ಬಿಡುವ ಎಣ್ಣೆಯ ಸಣ್ಣ ಬಾಟಲಿ ತಂದಳು. ಬಾಗಿಲಿನ ಕೀಲುಗಳಿಗೆ ನಾಲ್ಕು ನಾಲ್ಕು ಹನಿ ಬಿಟ್ಟಳು, ಬಾಗಿಲು ಸುಮ್ಮನಾಯಿತು. ನನ್ನ ಮೂಗಿಗೆ ಮಾತ್ರ ಆ ವಾಸನೆ ಮಧ್ಯಾಹ್ನವಿಡೀ ಹಿಡಿದುಕೊಂಡಿತ್ತು. ಹಿತವಾದ ವಾಸನೆಯೇನಲ್ಲ. ಇಪ್ಪತ್ತು ವರ್ಷ ನನ್ನ ಪಕ್ಕದ ಮನೆಯಿಂದ ಬರುತ್ತಿದ್ದ ವಾಸನೆ ಅದು.

ಚನ್ನಗಿರಿಯಲ್ಲಿ ಆಗ ನಾವಿದ್ದದ್ದು ಒಂದೇ ಗೋಡೆಗೆ ಅಂಟಿಕೊಂಡ ಐದು ಬಾಡಿಗೆ ಮನೆಗಳ ಸಾಲಿನಲ್ಲಿ. ಮೂರನೆಯದು ನಮ್ಮದು, ನಾಲ್ಕನೆಯದು ಅವಳದು. ಬಾಗಿಲಲ್ಲೇ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದಳು, ಅದಕ್ಕೇ ಬೀದಿಯವರೆಲ್ಲ ಅವಳನ್ನು ಮಿಷಿನ್ ಮನೆಯಾಕೆ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವಳು. ಜಗಳೂರು ಕಡೆಯವಳು, ಹೊನ್ನಾಳಿಗೆ ಕೊಟ್ಟಿದ್ದರು. ಗಂಡ ಎನ್ನುವವನು ಒಂದು ದಿನ ಲಗೇಜು ಆಟೋದಲ್ಲಿ ಮಿಷಿನ್ನನ್ನೂ ಎರಡು ವರ್ಷದ ಮಗಳನ್ನೂ ಅವಳನ್ನೂ ತಂದು ಈ ಸಾಲಿನಲ್ಲಿ ಇಳಿಸಿ ಹೋದ. ಮತ್ತೆ ಬರಲಿಲ್ಲ. ಯಾಕೆ ಬಿಟ್ಟ ಎಂದು ನಾನು ಕೇಳಲಿಲ್ಲ. ಆಮೇಲೆ ತಾನಾಗಿ ಗೊತ್ತಾಯಿತು.

ಅಡಿಕೆ ಸುಗ್ಗಿಯಲ್ಲಿ ನಾನು ಸುಲಿಯುವುದಕ್ಕೆ ಹೋಗುತ್ತಿದ್ದೆ. ಉಳಿದ ತಿಂಗಳು ಅವಳ ಹೊಸ್ತಿಲಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚುವುದು, ಕಾಜಾ ಹಾಕುವುದು, ಸೀರೆ ಅಂಚು ಮಡಿಚಿ ಹೊಲಿಯುವುದು. ನನಗೂ ಕೈಕೆಲಸ, ಅವಳಿಗೂ ಮಾತಿಗೆ ಜನ. ಅವಳ ಕತ್ತರಿ ಹಿಡಿದ ಕೈ ನೋಡಬೇಕಿತ್ತು. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದಳು. ಬ್ಲೌಸು ಮೈಗೆ ಅಂಟಿದ ಹಾಗೆ ಕೂರುತ್ತಿತ್ತು.

ಅವಳು ಮೊದಲ ಸಲ ಜೋರಾದದ್ದು ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ. ಶಾಲೆ ಶುರುವಾಗುವ ದಿನಗಳು. ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡೇ ನನ್ನನ್ನು ಕೇಳಿದಳು:

“ಯಕ್ಕಾ, ಗಂಡುಡುಗ್ರ ಚಡ್ಡಿಗೆ ಎರಡೆರಡು ಜೇಬು. ಹೆಣ್ಣುಡುಗ್ರು ಬಳಪ ಎಲ್ಲಿ ಇಟ್ಕಬೇಕು? ಬಾಯಾಗಾ?”

ಸರಿ ಅಂದೆ. ಅಷ್ಟಕ್ಕೇ ಬಿಡುತ್ತಾಳೆ ಅಂದುಕೊಂಡೆ. ಅವಳು ಬೀದಿಯ ಅಷ್ಟೂ ಹೆಣ್ಣುಮಕ್ಕಳ ಯೂನಿಫಾರಂ ಲಂಗ ತರಿಸಿಕೊಂಡು ಜೇಬು ಹಚ್ಚುವುದಕ್ಕೆ ಕೂತಳು. ಮೂರು ದಿನ ಮಿಷಿನ್ ನಿಲ್ಲಲಿಲ್ಲ. ಊಟವಿಲ್ಲ, ನಿದ್ದೆಯಿಲ್ಲ, ಮಾತು ಮಾತ್ರ ಮಿಷಿನ್ನಿಗಿಂತ ಜೋರು. ಮನೆಯಲ್ಲಿದ್ದ ಬಟ್ಟೆ ಮುಗಿದಾಗ ಗಿರಾಕಿಗಳ ಗಂಟು ಬಿಚ್ಚಿದಳು. ರೇಷ್ಮೆಯಾದರೇನು, ಜರಿಯಾದರೇನು, ಕತ್ತರಿಗೆ ಎಲ್ಲ ಒಂದೇ. ನಾಲ್ಕನೆಯ ದಿನ ನಲ್ಲೂರಿನಿಂದ ಅಡಿಕೆ ವ್ಯಾಪಾರದವರ ಮನೆಯ ಹೆಂಗಸೊಬ್ಬಳು ಕಾರಿನಲ್ಲಿ ಬಂದಿಳಿದಳು.

“ಏನವ್ವಾ, ನನ್ನ ಮಗಳ ಧಾರೆ ಬ್ಲೌಸ್ ಎಲ್ಲಿ?”

ಅದೇ ಹೊತ್ತಿಗೆ ಶಾಲೆ ಬಿಟ್ಟಿತ್ತು. ನೀಲಿ ಲಂಗದ ಮೇಲೆ ಜರಿಯಂಚಿನ ಕೆಂಪು ಜೇಬು ಹಚ್ಚಿಸಿಕೊಂಡ ಹುಡುಗಿಯರು ಸಾಲಾಗಿ ಬರುತ್ತಿದ್ದರು.

“ಅಗೋ, ನಡ್ಕಂಡು ಬರ್ತಾ ಐತೆ ನೋಡ್ರೀ!” ಎಂದು ಇವಳು ಚಪ್ಪಾಳೆ ತಟ್ಟಿ ನಕ್ಕಳು.

ಆ ಹೆಂಗಸು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಗಂಡ ಬಿಟ್ಟ ಮೇಲೆ ಈಗ ನೋಡು ಮುಖಕ್ಕೆ ಕಳೆ ಬಂದಿದೆ ಎಂದು ಬೀದಿಯೆಲ್ಲ ಅಂದಿತು. ನಮಗೆ ಅವಳು ಆರೋಗ್ಯವಾಗಿದ್ದಾಳೆ ಎಂದು ಕಂಡದ್ದೇ ಆ ಮೂರು ನಾಲ್ಕು ದಿನ.

ಅದಾದ ಮೇಲೆ ಮಲಗಿದಳು… ಎರಡು ತಿಂಗಳು. ಮಿಷಿನ್ನಿನ ಮೇಲೆ ಹಳೆಯ ಸೀರೆ ಹೊದಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಸ್ನಾನಕ್ಕೂ ಏಳುತ್ತಿರಲಿಲ್ಲ. ಹೊಲಿಯದ ಗಂಟುಗಳನ್ನು ಗಿರಾಕಿಗಳಿಗೆ ವಾಪಸು ಕೊಟ್ಟು ಬೈಸಿಕೊಂಡವಳು ನಾನು. ಒಂದು ದಿನ ರೇಗಿತು. “ಎದ್ದು ಮುಖ ತೊಳಿಯೇ. ನಿನ್ನ ಮಗಳು ನಮ್ಮ ಮನೆಯಾಗೆ ಉಣ್ಣಾಕೆ ಹತ್ತಿ ಒಂದು ತಿಂಗಳಾತು, ಅದರ ಖಬರಾದ್ರೂ ಐತಾ?” ಅಂದೆ.

“ಸೋಂಬೇರಿ ಅನ್ಕ ಯಕ್ಕಾ. ಏಳಾಕೆ ಆಗ್ತಿಲ್ಲ.”

ಸೋಂಬೇರಿ ಎಂದೇ ಅಂದುಕೊಂಡೆ. ಮುಚ್ಚಿಟ್ಟು ಏನು ಪ್ರಯೋಜನ.

ಹೀಗೇ ಏರುವುದು, ಬೀಳುವುದು. ತಾಯತ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ನಿವಾಳಿಸಿ ಎಸೆದದ್ದಾಯಿತು. ಮಗಳು ಹೈಸ್ಕೂಲಿಗೆ ಬಂದ ವರ್ಷ ಮತ್ತೆ ಮಲಗಿದಾಗ, ಇನ್ನು ಬದುಕುವುದು ಬೇಡ ಎಂದು ಆ ಮಗುವಿನ ಮುಂದೆಯೇ ಅಂದಳು. ಅವತ್ತು ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿ, ನನ್ನದೇ ಸೀರೆ ಉಡಿಸಿ, ದಾವಣಗೆರೆಯ ಬಸ್ಸು ಹತ್ತಿಸಿದೆ. ನನ್ನ ಲೆಕ್ಕದಲ್ಲಿ ನಾನು ಅವಳಿಗೆ ಮಾಡಿದ ಒಳ್ಳೆಯದು ಅದೊಂದು.

ಮನಸ್ಸಿನ ಡಾಕ್ಟರು ಚಿಕ್ಕ ವಯಸ್ಸಿನವರು. ಸಾವಕಾಶವಾಗಿ ಕೇಳಿದರು. ಇದಕ್ಕೆ ಬೈಪೋಲಾರ್ ಎನ್ನುತ್ತಾರೆ, ಮನಸ್ಸು ಏರುವ ಇಳಿಯುವ ಕಾಯಿಲೆ, ದೆವ್ವವೂ ಅಲ್ಲ, ಮಾಟವೂ ಅಲ್ಲ ಎಂದರು.

“ಜೋರಾದಾಗ ಖುಷಿಯಾಗಿದ್ದಾಳೆ ಅನ್ಕೋಬೇಡಿ, ಮಲಗಿದಾಗ ಸೋಮಾರಿ ಅನ್ಕೋಬೇಡಿ. ಎರಡೂ ಒಂದೇ ಕಾಯಿಲೆ ಅಮ್ಮಾ. ವಾಸಿಯಾಗಿ ಹೋಗೋದಲ್ಲ, ಹಿಡಿತದಲ್ಲಿ ಇಟ್ಕೊಂಡು ಬದುಕೋದು.”

ಲಿಥಿಯಂ ಎಂಬ ಮಾತ್ರೆ ಬರೆದುಕೊಟ್ಟರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಊಟದಲ್ಲಿ ಉಪ್ಪು ಈಗ ಹೇಗೆ ತಿನ್ನುತ್ತೀರೋ ಹಾಗೇ ತಿನ್ನಿ, ಏಕಾಏಕಿ ಹೆಚ್ಚು ಮಾಡಬೇಡಿ, ಕಮ್ಮಿಯನ್ನಂತೂ ಮಾಡಲೇಬೇಡಿ, ಉಪ್ಪು ಕಮ್ಮಿಯಾದರೆ ಈ ಮಾತ್ರೆ ಮೈಯಲ್ಲಿ ಉಳಿದು ವಿಷವಾಗುತ್ತದೆ ಎಂದು. ಬಸ್‌ಸ್ಟ್ಯಾಂಡಿನಲ್ಲಿ ನಾನು, “ತಲೆಗೆ ಮಾತ್ರೆ ಕೊಡೋರಿಗೆ ಸಾರಿನ ಉಪ್ಪಿನ ಗೊಡವೆ ಯಾಕೆ?” ಅಂದೆ. ಇಬ್ಬರೂ ನಕ್ಕೆವು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಆಮೇಲೆ ಎಂಟು ವರ್ಷ ಚೆನ್ನಾಗಿದ್ದಳು. ಚೆನ್ನಾಗಿದ್ದಳು ಎಂದರೆ ಕಾಯಿಲೆ ಹೋಯಿತು ಎಂದಲ್ಲ. ಅದು ಬರುವ ಸಪ್ಪಳ ಅವಳಿಗೆ ಮೊದಲೇ ಕೇಳಿಸುತ್ತಿತ್ತು. ಬೆಳಿಗ್ಗೆ ಬಂದು ಕತ್ತರಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. “ಎರಡು ದಿನದಿಂದ ಮೂರು ತಾಸೇ ನಿದ್ದೆ ಯಕ್ಕಾ. ಇದನ್ನ ನಿನ್ನ ಹತ್ರ ಇಟ್ಕ.” ನಾನು ಕತ್ತರಿಯನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. ಅವಳು ಡಾಕ್ಟರಿಗೆ ಫೋನು ಮಾಡುತ್ತಿದ್ದಳು. ಎರಡು ರಾತ್ರಿ ಸರಿಯಾಗಿ ಮಲಗಿದಳು ಎಂದು ಮಗಳು ಹೇಳಿದ ಮೇಲೆಯೇ ವಾಪಸು ಕೊಡುತ್ತಿದ್ದೆ. ನಡುವೆ ಎಷ್ಟು ಬೈದರೂ ಕೊಡುತ್ತಿರಲಿಲ್ಲ. ಒಂದು ಸಲ, “ನೀನೇನು ಜೈಲರಾ?” ಅಂದಳು. ಹೌದು ಅಂದೆ.

ಮಾತ್ರೆಯಿಂದ ಕೈ ಒಂದಿಷ್ಟು ನಡುಗುತ್ತಿತ್ತು. ಸೂಜಿಗೆ ದಾರ ನಾನು ಪೋಣಿಸಿ ಕೊಡುತ್ತಿದ್ದೆ. ಕತ್ತರಿ ಹಿಡಿದರೆ ಮಾತ್ರ ನಡುಕ ನಿಲ್ಲುತ್ತಿತ್ತು. ಬೀದಿಯವರು, ಮಾತ್ರೆ ತಿಂದು ತಿಂದು ಮಂಕಾಗಿದ್ದಾಳೆ, ಮೊದಲೇ ಚೆನ್ನಾಗಿತ್ತು ಎನ್ನುತ್ತಿದ್ದರು. ಅದನ್ನು ಅವಳಿಗೆ ಹೇಳಿದೆ. ಹೊಲಿಯುತ್ತಲೇ, “ಮೊದ್ಲು ಬಣ್ಣ ಕಣ್ಣಿಗೆ ಹೊಡಿತಿತ್ತು ಯಕ್ಕಾ. ಈಗ ಬಣ್ಣ ಬಣ್ಣದಂಗೆ ಐತೆ, ಅಷ್ಟೇ. ಸಾಕು ಬಿಡು,” ಅಂದಳು.

ಕೆಟ್ಟದ್ದು ಶುರುವಾದದ್ದು ಮಗಳ ಮದುವೆಯ ಮಾತಿನಿಂದ. ಹುಡುಗಿ ಓದಿ, ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ನೋಡಲು ಲಕ್ಷಣವಾಗಿದ್ದಳು. ಬಂದವರೆಲ್ಲ ಒಪ್ಪುತ್ತಿದ್ದರು, ಹೋಗುವಾಗ ಬೀದಿಯ ಕೊನೆಯ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ಅಲ್ಲಿ ಯಾರಾದರೂ ತಾಯಿಯ ವಿಷಯ ಊದುತ್ತಿದ್ದರು. ಮೂರು ಸಂಬಂಧ ಹೀಗೇ ತಪ್ಪಿದವು. ಮೂರನೆಯದು ತಪ್ಪಿದ ದಿನ ಅವಳು ಮಿಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. “ನಾನಿರೋದೇ ಅದಕ್ಕೆ ಅಡ್ಡ,” ಅಂದಳು.

ಆಗ ನಾನು ಹೇಳಿದೆ, ಉಪ್ಪು ಬಿಡು ಎಂದು.

ನಮ್ಮಲ್ಲಿ ಮಕ್ಕಳಿಗಾಗಿ ತಾಯಂದಿರು ಉಪ್ಪು ಬಿಡುವುದುಂಟು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹರಕೆ ಹೊತ್ತು ಸಪ್ಪೆ ಊಟ ಮಾಡುವುದು. ನನ್ನ ಮಗನಿಗೆ ಟೈಫಾಯಿಡ್ ಬಂದು ಏಳದೆ ಮಲಗಿದ್ದಾಗ ನಾನೂ ಬಿಟ್ಟಿದ್ದೆ. ಅವನು ಎದ್ದ. ಔಷಧಿಯಿಂದ ಎದ್ದನೋ ಏನೋ, ನಾನು ಮಾತ್ರ ಉಪ್ಪಿನಿಂದ ಎಂದೇ ನಂಬಿದ್ದೆ.

ಡಾಕ್ಟರ ಮಾತು ಮರೆತುಹೋಗಿತ್ತು ಎಂದು ಬರೆದುಬಿಡಬಹುದು. ಅದು ಸುಳ್ಳಾಗುತ್ತದೆ. ಅವಳೇ ನೆನಪು ಮಾಡಿದಳು.

“ಡಾಕ್ಟ್ರು ಉಪ್ಪು ಕಮ್ಮಿ ಮಾಡಬ್ಯಾಡ ಅಂದಿದ್ರಲ್ಲ ಯಕ್ಕಾ?”

“ಅದು ನಾಲಿಗೆ ಚಪಲಕ್ಕೆ ಹೆಚ್ಚು ಕಮ್ಮಿ ಮಾಡೋರಿಗೆ ಹೇಳೋದು. ದೇವ್ರಿಗೆ ಬಿಟ್ಟಿದ್ದು ಏನೂ ಮಾಡಲ್ಲ,” ಅಂದೆ.

ಹಿರಿಯಳು ಹೇಳಿದೆ, ಕೇಳಿದಳು. ಮಗಳಿಗೆ ಮಾತ್ರ ಇದು ತಾನೇ ಹೊತ್ತ ಹರಕೆ ಎಂದಳು. ಅಡಿಗೆಯನ್ನೂ ನಾನೇ ಮಾಡಿಕೊಟ್ಟೆ. ಮುದ್ದೆ, ಉಪ್ಪಿಲ್ಲದ ಬೇಳೆಕಟ್ಟು, ಉಪ್ಪಿಲ್ಲದ ಸೊಪ್ಪು. ಚೈತ್ರದ ಬಿಸಿಲು. ಬೆವರು ಹರಿಯುವ ಕಾಲ. ಮಾತ್ರೆ ಹೊತ್ತುಹೊತ್ತಿಗೆ ನುಂಗುತ್ತಲೇ ಇದ್ದಳು. ಅದನ್ನೊಂದು ದಿನವೂ ತಪ್ಪಿಸಲಿಲ್ಲ.

ಇಪ್ಪತ್ತನೆಯ ದಿನಕ್ಕೆ ನ್ಯಾಮತಿಯಿಂದ ಒಂದು ಸಂಬಂಧ ಬಂತು. ಹುಡುಗನದು ಬೀಜ ಗೊಬ್ಬರದ ಅಂಗಡಿ. ಟೀ ಅಂಗಡಿಯಲ್ಲಿ ಊದಿದವರಿಗೆ ಅವನು, ನಾನು ಮದುವೆಯಾಗೋದು ಮಗಳನ್ನ, ನಿಮಗೇನು ಎಂದನಂತೆ. ಒಪ್ಪಿಗೆಯಾಯಿತು. ನಾನು ಅವಳ ಮನೆಗೆ ಓಡಿಹೋಗಿ, “ನೋಡಿದ್ಯಾ, ನಾನು ಹೇಳಿಲ್ವಾ?” ಅಂದೆ. ಬೀಗಿದೆ ಎಂದೇ ಹೇಳಬೇಕು. ಅವಳ ಕೈ ಆಗಲೇ ಹೆಚ್ಚು ನಡುಗುತ್ತಿತ್ತು. ಖುಷಿಗೆ ಎಂದುಕೊಂಡೆವು.

ಹರಕೆ ಅರ್ಧಕ್ಕೆ ಬಿಡಬಾರದಲ್ಲ. ಮುಂದುವರಿಸಿದಳು. ವಾಂತಿ ಶುರುವಾಯಿತು, ಹೊಟ್ಟೆ ಕೆಟ್ಟಿತು. ಬಿಸಿಲಿಗೆ ಎಂದೆ. ನಡೆದರೆ ಕಾಲು ಅತ್ತಿತ್ತ. ನಲ್ಲಿಯ ಹತ್ತಿರ ಕೊಡ ಹಿಡಿದು ತೂರಾಡಿದಾಗ ಇಬ್ಬರು ಹೆಂಗಸರು, “ಬೀಗರು ಒಪ್ಪಿದ್ದಕ್ಕೆ ಏನೋ ಏರ್ಸ್ಕಂಡವಳೆ,” ಎಂದು ನಕ್ಕರು. ಇನ್ನು ಹದಿನೇಳೇ ದಿನ, ತಡಕೋ, ದೇವರು ಪರೀಕ್ಷೆ ಮಾಡುತ್ತಾನೆ ಎಂದವಳು ನಾನು. ಮೂವತ್ತೊಂದನೆಯ ದಿನ ಮಧ್ಯಾಹ್ನ ಕತ್ತರಿ ಅವಳ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದವಳು ತಾನೂ ಬಿದ್ದಳು. ಮಾತಾಡಿದರೆ ನಾಲಿಗೆ ದಪ್ಪಗಾಗಿ ಒಂದೂ ತಿಳಿಯಲಿಲ್ಲ.

ಕೆಲಸದಿಂದ ಓಡಿಬಂದ ಮಗಳೂ ನಾನೂ ಸೇರಿ ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮಾತ್ರೆ ವಿಷವಾಗಿತ್ತು.

“ಉಪ್ಪು ಬಿಟ್ಟಿದ್ರಾ? ಯಾರು ಹೇಳಿದ್ದು ನಿಮಗೆ?”

ಮಗಳು ತಾಯಿಯ ಮುಖ ನೋಡಿದಳು. ನಾನು ಮಂಚದ ಈಚೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅವಳು ಆ ದಪ್ಪ ನಾಲಿಗೆಯನ್ನು ಎಳೆದೆಳೆದು, “ನಾ… ನೇ,” ಅಂದಳು.

ನಾನು ಬಾಯಿ ಬಿಡಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತೆ.

ಡಯಾಲಿಸಿಸ್ ಮಿಷಿನ್ನಿಗೆ ಹಾಕಿ ರಕ್ತ ತೊಳೆದರು. ಜೀವ ಉಳಿಯಿತು. ಕೈಕಾಲು ಮಾತ್ರ ಮೊದಲಿನಂತಾಗಲಿಲ್ಲ. ನಾಲ್ಕು ತಿಂಗಳು ಕಾದು ನೋಡಿ, ಇನ್ನು ಇಷ್ಟೇ, ಮಿದುಳಿಗೆ ಪೆಟ್ಟಾಗಿದೆ ಎಂದರು ಡಾಕ್ಟರು. ಮಾತ್ರೆ ಬದಲಾಯಿಸಿಕೊಟ್ಟರು. ಮಗಳ ಮದುವೆಯ ಬ್ಲೌಸನ್ನು ಬೇರೆ ಟೈಲರಿಗೆ ಕೊಡಬೇಕಾಯಿತು. ಹಸೆಮಣೆಗೆ ಹೋಗುವ ಮುಂಚೆ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿದಳು, ಕುರ್ಚಿಯಲ್ಲಿ ಕೂತೇ. “ಕಂಕುಳು ಬಿಗಿ ಐತೆ. ಬಿಚ್ಚಿಸು,” ಅಂದಳು. ಸರಿಯಾಗಿಯೇ ಹೇಳಿದ್ದಳು. ಬಿಚ್ಚಿ ಹೊಲಿದವಳು ನಾನು, ನನ್ನ ಕೆಟ್ಟ ಕೈಯಲ್ಲಿ.

ಬೀಗರ ಮನೆಯಲ್ಲಿ ತಾಯಿಯನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಜಗಳೂರಿನಲ್ಲಿ ತಮ್ಮನ ಮನೆ ಸೇರಿದಳು. ತಮ್ಮನ ಹೆಂಡತಿ ಹೊಟ್ಟೆಗೆ ಹಾಕುತ್ತಿದ್ದಳು, ಮುಖ ಕೊಡುತ್ತಿರಲಿಲ್ಲ. ಮಗಳು ಬಾಣಂತನಕ್ಕೆ, ಹಬ್ಬಕ್ಕೆ ಬರುತ್ತಿದ್ದದ್ದು ನನ್ನ ಮನೆಗೆ. ನನ್ನನ್ನು ದೊಡ್ಡವ್ವ ಎನ್ನುತ್ತಾಳೆ.

ಒಂದು ಸಲ ಜಗಳೂರಿಗೆ ಹೋಗಿದ್ದೆ. ಜಗುಲಿಯ ಮೇಲೆ ಕೂತು ತಟ್ಟೆಯನ್ನು ತೊಡೆಗೆ ಒತ್ತಿ ಹಿಡಿದು, ಚಮಚದಲ್ಲಿ ಅನ್ನ ತಿನ್ನುತ್ತಿದ್ದಳು. ಅರ್ಧ ಚೆಲ್ಲುತ್ತಿತ್ತು. ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. ಅವಳ ಮಾತು ಬಿಡಿಬಿಡಿಯಾಗಿ ಬರುತ್ತಿತ್ತು, ಆದರೆ ತಿಳಿಯುತ್ತಿತ್ತು.

“ನಿನ್ನ ಹೆಸರು ಹೇಳಿದ್ರೆ ನನ್ನ ಮಗಳು ನಿನ್ನ ಹೊಸ್ತಿಲು ತುಳಿತಿದ್ಲಾ? ಅದಕ್ಕೆ ತವರು ಅಂತ ಇರೋದು ನಿನ್ನ ಮನೆ ಒಂದೇ.” ಚಮಚವನ್ನು ತಟ್ಟೆಯಲ್ಲಿಟ್ಟು, “ಇನ್ನೊಂದು… ಹುಕ್ಕು ಹಚ್ಚಾಕೆ ನೀನು ಬೇಕಿತ್ತಲ್ಲ. ಮತ್ತೆ ಹೊಲಿತೀನಿ ಅಂತ ಅನ್ಕಂಡಿದ್ದೆ ಆವಾಗ,” ಅಂದಳು.

ನಾನು ಚೆಲ್ಲಿದ ಅನ್ನ ಆಯ್ದು ತಟ್ಟೆಗೆ ಹಾಕಿದೆ.

ಅವಳು ಹೋಗಿ ನಾಲ್ಕು ವರ್ಷವಾಯಿತು. ಜ್ವರ ಬಂದು ಹೋದಳು, ಮನಸ್ಸಿನ ಕಾಯಿಲೆಯಿಂದಲ್ಲ. ಅದು ಕೊನೆಯವರೆಗೂ ಹಿಡಿತದಲ್ಲೇ ಇತ್ತು.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಎರಡು ತಿಂಗಳ ಹಿಂದೆ ಮಗಳು ನ್ಯಾಮತಿಯಿಂದ ಒಬ್ಬಳೇ ಬಂದಳು. ಎರಡನೆಯ ಹೆರಿಗೆಯಾದ ಮೇಲೆ ಅವಳಿಗೂ ಅದೇ ಶುರುವಾಗಿದೆ. ಅದೇ ಡಾಕ್ಟರು, ಅದೇ ಮಾತ್ರೆ. ಅಡಿಗೆಮನೆಯಲ್ಲಿ ನನ್ನ ಎದುರು ಊಟಕ್ಕೆ ಕೂತು, ಮಾತ್ರೆ ನಿಲ್ಲಿಸುತ್ತೇನೆ ಎಂದಳು.

“ತಗೊಂಡು ಏನು ಬಂತು ದೊಡ್ಡವ್ವ? ನಮ್ಮವ್ವ ಎಂಟು ವರ್ಷ ಒಂದು ದಿನ ತಪ್ಪಿಸ್ದಂಗೆ ತಗೊಂಡ್ಲು. ಆದ್ರೂ ತಲೆ ಕೆಟ್ಟು ತಾನೇ ಉಪ್ಪು ಬಿಟ್ಟು ವಿಷ ಮಾಡ್ಕಂಡ್ಲು. ನಾನೂ ಒಂದಿನ ಹಂಗೇ ಏನಾದ್ರೂ ಮಾಡ್ಕಂತೀನಿ. ಮಕ್ಕಳಿಗೆ ಏನಾದ್ರೂ ಮಾಡಿದ್ರೆ?”

ಇಷ್ಟು ವರ್ಷ ಅವಳು ಹಾಗೆ ತಿಳಿದಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ತಾಯಿಯ ಕೈ ಹೋದದ್ದು ತಾಯಿಯ ಹುಚ್ಚಿನಿಂದ ಎಂದು. ನಾನು ಬಾಯಿ ಮುಚ್ಚಿಕೊಂಡದ್ದು ಅವಳ ತಲೆಯಲ್ಲಿ ಹೀಗೆ ಬೆಳೆದಿತ್ತು.

ಅವಳು ಅನ್ನ ಕಲಸುತ್ತಿದ್ದಳು. ಹೇಳಿದೆ. “ನಿಮ್ಮವ್ವಗೆ ತಲೆ ಕೆಟ್ಟಿರಲಿಲ್ಲ. ಉಪ್ಪು ಬಿಡು ಅಂದೋಳು ನಾನು. ಡಾಕ್ಟ್ರು ಬ್ಯಾಡ ಅಂದಿದ್ದಾರೆ ಅಂತ ಅವಳೇ ಅಂದ್ಲು, ನಾನೇ ಕೇಳಲಿಲ್ಲ. ಬುದ್ಧಿ ನೆಟ್ಟಗಿದ್ದೋಳು ಅವಳು. ಕೆಟ್ಟಿದ್ದು ನಂದು. ನೀನು ಮಾತ್ರೆ ಬಿಡಬ್ಯಾಡ.”

ಕಲಸುತ್ತಿದ್ದ ಕೈ ನಿಂತಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡು ಬ್ಯಾಗು ತೆಗೆದುಕೊಂಡಳು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, “ಐದು ವರ್ಷ ಚಮಚದಾಗೆ ಉಂಡ್ಲು ನಮ್ಮವ್ವ,” ಅಂದಳು. ಬಸ್ಸಿಗೆ ಹೋದಳು. ತಡೆಯಲಿಲ್ಲ ನಾನು. ಯಾವ ಮುಖ ಇಟ್ಟುಕೊಂಡು ತಡೆಯಲಿ.

ಆಮೇಲೆ ಫೋನಿಲ್ಲ. ಈ ಸಲದ ಹಬ್ಬಕ್ಕೆ ಬರಲಿಲ್ಲ. ಅವಳ ತಾಯಿ ಕಟ್ಟಿಕೊಟ್ಟಿದ್ದ ತವರನ್ನು ನಾನೇ ಕೆಡವಿದೆ. ತಪ್ಪು ಅವಳದಲ್ಲ.

ಮಿಷಿನ್ ಎಣ್ಣೆಯ ವಾಸನೆ ಬಂದ ದಿನ ಸಂಜೆ ತಡೆಯಲಾರದೆ ಮೊಮ್ಮಗಳ ಕೈಲಿ ನಂಬರು ಒತ್ತಿಸಿದೆ. ಗಂಡ ಎತ್ತಿಕೊಂಡ.

“ಮಾತಾಡಲ್ಲ ಅಂತಾಳೆ ಅಮ್ಮಾ. ಬ್ಯಾಸ್ರ ಮಾಡ್ಕಬ್ಯಾಡ್ರಿ.”

“ಇಲ್ಲ ಬಿಡಪ್ಪ. ಮಾತ್ರೆ ತಗಂತಾಳಾ?”

“ತಗಂತಾಳೆ ರೀ. ಟೈಮಿಗೆ ಸರಿಯಾಗಿ ತಗಂತಾಳೆ.”

ಸರಿ ಎಂದು ಫೋನು ಇಟ್ಟೆ.